ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಓದು, ಬರಹ: ಯಾವ ಕ್ಲಾಸಿಗೆ ಯಾವ ಕ್ರಮ?

ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗೆ ಬರುವ ಮಗು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಮಾತಾಡುತ್ತದೆ. ಬಸ್ಸಿನಲ್ಲಿ, ಪೇಟೆಯಲ್ಲಿ ಮಲಯಾಳ. ಕ್ಲಾಸಿನಲ್ಲಿ ಪುಸ್ತಕದ ಕನ್ನಡ. ಅಂದರೆ ಸಣ್ಣ ಪ್ರಾಯದಲ್ಲೇ ಮೂರು ಭಾಷೆ ಸುಧಾರಿಸುವ ಮಗು ಅದು. ಹಾಗಿರುವಾಗ "ಈ ಮಕ್ಕಳಿಗೆ ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೆಚ್ಚಿನ ಸಲ ನಾವು ಹಿಡಿದ ಕ್ರಮ ಆ ಮಗುವಿಗೆ ಹೊಂದಿರುವುದಿಲ್ಲ, ಅಷ್ಟೆ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹೊಸದಾಗಿ ಇಂಗ್ಲಿಷ್ ಕ್ಲಾಸು ಸಿಕ್ಕಿದ ಟೀಚರ್‌ಗಳು, ಸಂಜೆ ಟ್ಯೂಷನ್ ಕೊಡುವವರು, ಮನೆಯಲ್ಲಿ ಮಕ್ಕಳನ್ನು ಓದಿಸುವ ಅಮ್ಮಂದಿರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕನ್ನಡದಲ್ಲಿ ಅರ್ಥ ಹೇಳಬೇಕಾ, ಇಂಗ್ಲಿಷಿನಲ್ಲೇ ನಡೆಸಬೇಕಾ? ಕನ್ನಡ ಖಂಡಿತ ಬೇಕು ಅಂತಲೇ ನಾನು ಹೇಳುವುದು. ಆದರೆ ಓದುವ ಮೊದಲು ಬೇಕು, ಓದಿ ಆದ ಮೇಲೆ ಬೇಕು. ಕಣ್ಣು ಇಂಗ್ಲಿಷ್ ಸಾಲಿನ ಮೇಲೆ ಇರುವ ಹೊತ್ತಿಗೆ ಬೇಡ. ಬರೆಯುವಾಗಲೂ ಹಾಗೆಯೇ. ಯಾಕೆ ಹಾಗೆ, ಬೇರೆ ಕ್ರಮಗಳು ಎಲ್ಲಿ ಉಪಯೋಗಕ್ಕೆ ಬರುತ್ತವೆ, ಎಲ್ಲಿ ಕೈಕೊಡುತ್ತವೆ ಅಂತ ನೋಡೋಣ.

ಕ್ರಮ ಆರಿಸುವ ಮೊದಲು: ತೊಡಕು ಎಲ್ಲಿದೆ?

"ಓದಿದ್ದು ಅರ್ಥ ಆಗುವುದಿಲ್ಲ" ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅದರೊಳಗೆ ಬೇರೆ ಬೇರೆ ತೊಂದರೆಗಳಿವೆ. 1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಇದನ್ನು ಸರಳವಾಗಿ ಹೇಳಿದರು. ಓದಿ ಅರ್ಥ ಮಾಡಿಕೊಳ್ಳುವುದು ಅಂದರೆ ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆ ತಿಳಿಯುವ ಶಕ್ತಿಯಿಂದ ಗುಣಿಸಿದ ಹಾಗೆ. ಕೂಡಿಸುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆ ಆದರೆ ಉತ್ತರವೂ ಸೊನ್ನೆಯೇ.

ಇದನ್ನು ಪತ್ತೆ ಮಾಡಲು ದೊಡ್ಡ ಪರೀಕ್ಷೆ ಏನೂ ಬೇಡ. ಪಾಠದ ಒಂದು ಪ್ಯಾರಾ ಮಗು ಓದಲಿ. ಏನಾಯಿತು ಅಂತ ಕನ್ನಡದಲ್ಲೇ ಕೇಳಿ. ಹೇಳಲು ಬಾರದಿದ್ದರೆ ಅದೇ ಪ್ಯಾರಾವನ್ನು ನೀವು ನಿಧಾನಕ್ಕೆ ಓದಿ ಹೇಳಿ, ಮತ್ತೆ ಕೇಳಿ. ಕಿವಿಗೆ ಬಿದ್ದಾಗ ಅರ್ಥ ಆಯಿತು ಅಂತಾದರೆ ತೊಡಕು ಅಕ್ಷರ ಬಿಡಿಸುವುದರಲ್ಲಿದೆ. ಕೇಳಿದರೂ ತಿಳಿಯಲಿಲ್ಲ ಅಂತಾದರೆ ಶಬ್ದಗಳು ಗೊತ್ತಿಲ್ಲ. ಮೊದಲನೆಯ ಮಗುವಿಗೆ ಅರ್ಥ ವಿವರಿಸಿ ಏನೂ ಆಗುವುದಿಲ್ಲ. ಎರಡನೆಯ ಮಗುವಿಗೆ ಸ್ಪೆಲ್ಲಿಂಗ್ ತಿದ್ದಿಸಿ ಏನೂ ಆಗುವುದಿಲ್ಲ.

ಶಬ್ದದ ವಿಷಯದಲ್ಲಿ ಒಂದು ಅಳತೆ ನೆನಪಿಟ್ಟುಕೊಳ್ಳಿ. ಯಾರ ಸಹಾಯವೂ ಇಲ್ಲದೆ ಓದಿ ತಿಳಿಯಬೇಕಾದರೆ ನೂರರಲ್ಲಿ 98 ಶಬ್ದ ಗೊತ್ತಿರಬೇಕು ಎಂದು ಹೂ ಮತ್ತು ಪಾಲ್ ನೇಷನ್ 2000ದಲ್ಲಿ ಮಾಡಿದ ಅಧ್ಯಯನ ಹೇಳುತ್ತದೆ. ಅಂದರೆ 50 ಶಬ್ದಕ್ಕೆ ಒಂದೇ ಹೊಸ ಶಬ್ದ. ನಮ್ಮ ಎಂಟನೇ ತರಗತಿಯ ಪಾಠದ ಮೊದಲ ಪುಟ ತೆರೆದು ಒಬ್ಬ ಸಾಧಾರಣ ಮಗುವಿಗೆ ಗೊತ್ತಿಲ್ಲದ ಶಬ್ದಗಳಿಗೆ ಗೆರೆ ಹಾಕಿಸಿ ನೋಡಿ. ಒಂದೊಂದು ಸಾಲಿನಲ್ಲೇ ಎರಡು ಮೂರು ಗೆರೆ ಬೀಳುತ್ತವೆ. ಅಂಥ ಪಾಠವನ್ನು "ನೀವೇ ಓದಿ ಉತ್ತರ ಬರೆಯಿರಿ" ಅಂದರೆ ಮಗು ಏನು ಮಾಡೀತು?

ಇನ್ನೊಂದು ಸಂಗತಿ ನಮ್ಮ ಕ್ಲಾಸುಗಳಲ್ಲಿ ದಿನಾ ಕಾಣುತ್ತದೆ. ಮಕ್ಕಳು ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದುಕೊಳ್ಳುತ್ತಾರೆ. ಅದಕ್ಕೆ ಕಾರಣ ಇದೆ. ಕನ್ನಡ ಲಿಪಿಯನ್ನು ಬರೆದ ಹಾಗೆ ಓದಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ಇರುವುದು 26 ಅಕ್ಷರ, ಧ್ವನಿಗಳು ಸುಮಾರು 44. ನೈಫ್ ಎಂಬ ಶಬ್ದದ ಮೊದಲಿಗೇ ಕೆ ಅಕ್ಷರ ನಿಂತಿದ್ದರೆ ಮಗು "ಕ್ನೈಫ್" ಅನ್ನುವುದು ಸಹಜವೇ. ಹಾಗಾಗಿ ಆ ಪೆನ್ಸಿಲ್ ಬರಹವನ್ನು ಪೂರ್ತಿ ನಿಲ್ಲಿಸಬೇಡಿ. ಮಾತು ಕೇಳದ ಶಬ್ದಗಳಿಗೆ ಮಾತ್ರ ಬಿಡಿ. ಇಡೀ ಸಾಲಿಗೆ ಬಿಟ್ಟರೆ ಮಗು ಮೇಲಿನ ಕನ್ನಡವನ್ನೇ ಓದುತ್ತದೆ, ಕಣ್ಣು ಇಂಗ್ಲಿಷಿಗೆ ಇಳಿಯುವುದೇ ಇಲ್ಲ.

ಸಾಲು ಸಾಲು ಅರ್ಥ ಹೇಳುವುದಾ, ಇಂಗ್ಲಿಷಿನಲ್ಲೇ ನಡೆಸುವುದಾ?

ಸಾಲು ಓದು, ಕನ್ನಡದಲ್ಲಿ ಅರ್ಥ ಹೇಳು, ಮುಂದಿನ ಸಾಲು. ಇದು ನಮ್ಮಲ್ಲಿ ತುಂಬ ಹಳೆಯ ಕ್ರಮ. ಇದರಲ್ಲಿ ಒಂದು ಒಳ್ಳೆಯದಿದೆ, ಯಾವ ಮಗುವೂ ಪೂರ್ತಿ ಹೊರಗೆ ಉಳಿಯುವುದಿಲ್ಲ. ಕತೆ ಎಲ್ಲರಿಗೂ ತಲುಪುತ್ತದೆ. ಆದರೆ ತಲುಪಿದ್ದು ಟೀಚರ್ ಹೇಳಿದ ಕನ್ನಡದ ಕತೆ. ಅರ್ಥ ಹೇಗೂ ಬರುತ್ತದೆ ಅಂತ ಗೊತ್ತಿರುವ ಮಗು ಇಂಗ್ಲಿಷ್ ಸಾಲಿನ ಜೊತೆ ಗುದ್ದಾಡುವುದೇ ಇಲ್ಲ. ಸುಮ್ನೆ ಕಾಯುತ್ತದೆ. ಪರೀಕ್ಷೆಯಲ್ಲಿ ನೋಡದ ಪ್ಯಾರಾ ಬಂದಾಗ ಅರ್ಥ ಹೇಳುವವರು ಇರುವುದಿಲ್ಲ, ಅಲ್ವಾ?

ಪೂರ್ತಿ ಇಂಗ್ಲಿಷಿನಲ್ಲೇ ನಡೆಸುವುದು ಇನ್ನೊಂದು ಕ್ರಮ. ಕೆಳಗಿನ ಕ್ಲಾಸುಗಳಲ್ಲಿ, ಚಿತ್ರ, ಅಭಿನಯ, ಆಟ ಇರುವಾಗ ಇದು ಚೆನ್ನಾಗಿ ನಡೆಯುತ್ತದೆ. ಹೈಸ್ಕೂಲಿನ ಪಾಠಕ್ಕೆ ಬಂದಾಗ ಮುಂದಿನ ಬೆಂಚಿನ ನಾಲ್ಕು ಮಕ್ಕಳು ಉತ್ತರ ಕೊಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಆ ತಲೆಯಾಡಿಸುವಿಕೆಯನ್ನು ನಂಬಬೇಡಿ. ಅವರು ಪುಸ್ತಕದಿಂದ ಸಾಲು ಎತ್ತಿ ಬರೆದ ಉತ್ತರವನ್ನೂ ನಂಬಬೇಡಿ. ಈ ವಾಕ್ಯ ನೋಡಿ: "ದ ಮೋಪ್ ಲಿಗ್ಡ್ ದ ಟ್ರಾಂಗ್ ನಿಯರ್ ದ ಬಿಸ್ಕ." ಇದರಲ್ಲಿ ನಾಲ್ಕು ಶಬ್ದಗಳಿಗೆ ಅರ್ಥವೇ ಇಲ್ಲ, ನಾನೇ ಹುಟ್ಟಿಸಿದ್ದು. ಈಗ ಪ್ರಶ್ನೆ: "ವೇರ್ ಡಿಡ್ ದ ಮೋಪ್ ಲಿಗ್ ದ ಟ್ರಾಂಗ್?" ಉತ್ತರ ನಿಮಗೆ ತಕ್ಷಣ ಗೊತ್ತು. "ನಿಯರ್ ದ ಬಿಸ್ಕ." ಪೂರ್ತಿ ಅಂಕ. ಒಂದಕ್ಷರವೂ ಅರ್ಥ ಆಗದೆ! ನಮ್ಮ ಅನೇಕ ಮಕ್ಕಳು ವರ್ಷಗಟ್ಟಲೆ ಹೀಗೆಯೇ ಅಂಕ ತೆಗೆಯುತ್ತಾರೆ.

ಮೂರನೆಯ ಕ್ರಮವೇ ನಾನು ಹಿಡಿದಿರುವುದು. ಪಾಠ ತೆರೆಯುವ ಮೊದಲು ಅದರ ವಿಷಯವನ್ನು ಕನ್ನಡದಲ್ಲಿ ಮಾತಾಡಿಸುತ್ತೇನೆ. ಬೇಕೇ ಬೇಕಾದ ಐದಾರು ಶಬ್ದಗಳನ್ನು ಬೋರ್ಡಿನಲ್ಲಿ ಅರ್ಥ ಸಮೇತ ಬರೆಯುತ್ತೇನೆ. ಆಮೇಲೆ ಓದು, ಇಂಗ್ಲಿಷ್ ಮಾತ್ರ. ನಡುವೆ ಯಾರೂ ಅರ್ಥ ಹೇಳುವ ಹಾಗಿಲ್ಲ. ಓದಿ ಆದ ಮೇಲೆ "ಏನು ತಿಳಿಯಿತು, ಯಾವ ಸಾಲಿನಿಂದ ತಿಳಿಯಿತು" ಅಂತ ಮತ್ತೆ ಕನ್ನಡದಲ್ಲಿ ಚರ್ಚೆ. ಮಗು ತುಳುವಿನಲ್ಲಿ ಹೇಳಿದರೂ ಸರಿ, ಬೆರಳು ಮಾತ್ರ ಇಂಗ್ಲಿಷ್ ಸಾಲಿನ ಮೇಲೆ ಇರಬೇಕು.

ಮೊದಲೇ ವಿಷಯ ಮಾತಾಡುವುದಕ್ಕೆ ಬಲವಾದ ಕಾರಣ ಇದೆ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಅಮೆರಿಕದ ಮಕ್ಕಳಿಗೆ ಬೇಸ್‌ಬಾಲ್ ಆಟದ ಬಗ್ಗೆ ಒಂದು ಬರಹ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ನಮ್ಮ ಊರಿಗೆ ಇದನ್ನು ಹೊಂದಿಸಿ ನೋಡಿ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಬಗ್ಗೆ, ವೇಷ ಕಟ್ಟುವ ಚೌಕಿಯ ಬಗ್ಗೆ, ಬೇಕಲ ಕೋಟೆಯ ಬಗ್ಗೆ ನಾಲ್ಕು ಪ್ಯಾರಾ ಸುಲಭ ಇಂಗ್ಲಿಷಿನಲ್ಲಿ ಬರೆದು ಕೊಟ್ಟರೆ ಹಿಂದಿನ ಬೆಂಚಿನ ಹುಡುಗನೂ ಓದುತ್ತಾನೆ. ವೇಷ, ಚೆಂಡೆ, ಭಾಗವತರು ಅವನಿಗೆ ಮೊದಲೇ ಗೊತ್ತು. ಗೊತ್ತಿರುವುದರ ಕೈಹಿಡಿದು ಗೊತ್ತಿಲ್ಲದ ಶಬ್ದಗಳನ್ನು ಊಹಿಸುತ್ತಾನೆ.

ಗಟ್ಟಿ ಓದು, ಮೌನ ಓದು

ಸರತಿಯಲ್ಲಿ ಒಬ್ಬೊಬ್ಬರಾಗಿ ಎದ್ದು ಗಟ್ಟಿಯಾಗಿ ಓದುವುದು ಉಚ್ಚಾರ ತಿದ್ದಲು ಒಳ್ಳೆಯದು, ಅರ್ಥಕ್ಕೆ ಪ್ರಯೋಜನ ಕಡಿಮೆ. ಎದ್ದು ನಿಂತ ಮಗುವಿಗೆ ತಪ್ಪುವ ಹೆದರಿಕೆ. ಕೂತ ಮಕ್ಕಳು ತಮ್ಮ ಸರತಿಯ ಸಾಲನ್ನು ಎಣಿಸುತ್ತಾ ಇರುತ್ತಾರೆ. ಅಕ್ಷರ ಬಿಡಿಸಲು ಕಷ್ಟ ಇರುವ ಮಗುವಿಗೆ ಇಬ್ಬಿಬ್ಬರ ಜೋಡಿಯಲ್ಲಿ ಸಣ್ಣ ದನಿಯ ಓದು ಸಾಕು. ಉಳಿದವರಿಗೆ ಮೌನ ಓದೇ ಸರಿ.

ಪ್ರಶ್ನೆ ಯಾರು ಕೇಳಬೇಕು?

ಓದಿಸಿದ ಮೇಲೆ ಏನು ಮಾಡಿಸಬೇಕು ಎಂಬಲ್ಲಿ ನನಗೆ ಎರಡು ಕ್ರಮಗಳ ಮೇಲೆ ವಿಶ್ವಾಸ ಇದೆ.

ಒಂದು, 1984ರಲ್ಲಿ ಪಾಲಿಂಕ್ಸರ್ ಮತ್ತು ಬ್ರೌನ್ ವಿವರಿಸಿದ್ದು. ನಾಲ್ಕು ಮಕ್ಕಳ ಗುಂಪು, ನಾಲ್ಕು ಕೆಲಸ. ಒಬ್ಬಳು ಮುಂದೆ ಏನಾಗಬಹುದು ಅಂತ ಊಹಿಸುತ್ತಾಳೆ. ಒಬ್ಬ ಪ್ರಶ್ನೆ ಕೇಳುತ್ತಾನೆ. ಒಬ್ಬಳು ತಿಳಿಯದ ಜಾಗವನ್ನು ಬಿಡಿಸುತ್ತಾಳೆ. ಒಬ್ಬ ಎರಡು ಮಾತಿನಲ್ಲಿ ಸಾರ ಹೇಳುತ್ತಾನೆ. ಮುಂದಿನ ಪ್ಯಾರಾಕ್ಕೆ ಕೆಲಸ ಬದಲಾಗುತ್ತದೆ. ಓದಲು ಬರುತ್ತದೆ, ಆದರೆ ಅರ್ಥ ಹಿಡಿಯುವುದಿಲ್ಲ ಎಂಬ ಮಕ್ಕಳಿಗೆಂದೇ ಇದು ಹುಟ್ಟಿದ್ದು. ಹಾಗಾಗಿ ಅಕ್ಷರವೇ ಬಾರದವರಿಗೆ ಇದನ್ನು ಕೊಡಬೇಡಿ.

ಇನ್ನೊಂದು ನಮ್ಮ ಪಕ್ಕದಲ್ಲೇ ಬೆಳೆದದ್ದು. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ. ಬೆಂಗಳೂರು ಪ್ರಾಜೆಕ್ಟ್ ಅಂತಲೇ ಹೆಸರಾಯಿತು. ವ್ಯಾಕರಣದ ಪಾಠ ಬದಿಗಿಟ್ಟು ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವನ್ನು ಕೊಟ್ಟು ಲೆಕ್ಕ ಬಿಡಿಸುವ ಹಾಗೆ ಉತ್ತರ ಹುಡುಕಿಸುತ್ತಿದ್ದರು. ಇದನ್ನು ನಮ್ಮಲ್ಲಿ ಮಾಡುವುದು ಸುಲಭ. ಒಂದು ಇಂಗ್ಲಿಷ್ ವೇಳಾಪಟ್ಟಿ ತಯಾರಿಸಿ: ಮುಳ್ಳೇರಿಯದಿಂದ ಬದಿಯಡ್ಕಕ್ಕೆ ಬಸ್ಸು, ಬದಿಯಡ್ಕದಿಂದ ಕುಂಬಳೆಗೆ ಬಸ್ಸು, ಕುಂಬಳೆಯಿಂದ ಮಂಗಳೂರಿಗೆ ರೈಲು. ಅಜ್ಜಿಯನ್ನು ಬೆಳಿಗ್ಗೆ 11ಕ್ಕೆ ಮಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಬೇಕು, ಯಾವ ಬಸ್ಸಿಗೆ ಹೊರಡಬೇಕು? ಕೆಳಗೆ ಒಂದು ಸಾಲು ಸೇರಿಸಿ: "ದಿಸ್ ಬಸ್ ಡಸ್ ನಾಟ್ ರನ್ ಆನ್ ಸಂಡೇಸ್." ಆ ಸಾಲು ತಪ್ಪಿಸಿದವನ ಉತ್ತರ ತಪ್ಪುತ್ತದೆ. ಇಲ್ಲಿ ಪುಸ್ತಕದಿಂದ ಎತ್ತಿ ಬರೆಯುವುದಕ್ಕೆ ದಾರಿಯೇ ಇಲ್ಲ. ಶಬ್ದ ಕಡಿಮೆ ಇರುವ ಕ್ಲಾಸಿಗೆ ನಾನು ಕಣ್ಣುಮುಚ್ಚಿ ಇದನ್ನೇ ಆರಿಸುತ್ತೇನೆ.

ಪಾಠಪುಸ್ತಕ ಸಾಕಾ?

ಸಾಲದು. ಪಾಠಪುಸ್ತಕ ಕಷ್ಟದ್ದನ್ನು ಸ್ವಲ್ಪ ಓದಿಸುತ್ತದೆ. ಮಗುವಿಗೆ ಸುಲಭದ್ದನ್ನು ಜಾಸ್ತಿ ಓದುವ ಅಭ್ಯಾಸವೂ ಬೇಕು. ನೂರು ವರ್ಷದ ಹಿಂದೆ ಬಂಗಾಳದಲ್ಲಿ ಕೆಲಸ ಮಾಡಿದ ಮೈಕೆಲ್ ವೆಸ್ಟ್ ಇದನ್ನೇ ಹೇಳಿ, ಶಬ್ದಗಳನ್ನು ಎಣಿಸಿ ಮಿತಿ ಹಾಕಿದ ಓದುಪುಸ್ತಕಗಳನ್ನು ಮಾಡಿದ್ದರು. ಈಗ ದುಡ್ಡು ಕೊಡದೆ ಸಿಗುವುದು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ವೆಬ್‌ಸೈಟ್. 2015ರಲ್ಲಿ ಶುರುವಾದದ್ದು. ಕತೆಗಳು ನಾಲ್ಕು ಹಂತಗಳಲ್ಲಿವೆ, ಅನೇಕ ಕತೆಗಳು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಸಿಗುತ್ತವೆ, ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು. ಎಂಟನೇ ತರಗತಿಯ ಮಗುವಿಗೆ ಎರಡನೇ ಹಂತದ ಕತೆ ಕೊಡಲು ನಾಚಿಕೆ ಬೇಡ. ಮೊದಲು ಇಂಗ್ಲಿಷ್, ಆಮೇಲೆ ತಾಳೆ ನೋಡಲು ಕನ್ನಡ.

ಮೊಬೈಲಿನ ತರ್ಜುಮೆ ಆ್ಯಪ್ ಒಂದೊಂದು ಶಬ್ದಕ್ಕೆ ಸರಿ. ಇಡೀ ಪುಟಕ್ಕೆ ಕ್ಯಾಮೆರಾ ಹಿಡಿದರೆ ಸಾಲು ಸಾಲು ಅರ್ಥ ಹೇಳಿದ್ದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ.

ಬರಹ: ಬಾಯಿಪಾಠ, ಚೌಕಟ್ಟು, ಒಟ್ಟಿಗೆ ಬರೆಯುವುದು

ಕೇರಳದ ಇಂಗ್ಲಿಷ್ ಪಠ್ಯದಲ್ಲಿ ಬರವಣಿಗೆಯ ಬಗೆಗಳು ತುಂಬ. ಡೈರಿ, ಪತ್ರ, ನೋಟಿಸು, ಸಂಭಾಷಣೆ, ಭಾಷಣ, ಪ್ರೊಫೈಲ್, ಪತ್ರಿಕಾ ವರದಿ. ಗೈಡಿನಿಂದ ಒಂದೊಂದನ್ನು ಬಾಯಿಪಾಠ ಮಾಡಿಸುವುದು ಸುಲಭದ ದಾರಿ. ತೀರಾ ಹಿಂದಿರುವ ಮಗು ಪರೀಕ್ಷೆಯಲ್ಲಿ ಖಾಲಿ ಬಿಡುವುದಿಲ್ಲ ಎಂಬಷ್ಟು ಮಟ್ಟಿಗೆ ಅದು ಆದೀತು. ಆದರೆ ಅಜ್ಜನ ಸಾವಿನ ದಿನದ ಡೈರಿ ಬರೆ ಅಂದರೂ "ಟುಡೇ ವಾಸ್ ಎ ವಂಡರ್‌ಫುಲ್ ಡೇ" ಅಂತ ಶುರು ಮಾಡುವ ಮಕ್ಕಳು ಇದರಿಂದಲೇ ತಯಾರಾಗುತ್ತಾರೆ. ನನಗೆ ಅದು ನಿಜಕ್ಕೂ ಬೇಸರದ ವಿಷಯ. ಆ ಮಗುವಿಗೆ ಹೇಳಲು ಏನೋ ಇರುತ್ತದೆ, ಅದು ಹೊರಗೆ ಬರುವುದೇ ಇಲ್ಲ.

"ನಿಮಗೆ ತೋಚಿದ್ದು ಬರೆಯಿರಿ" ಎಂಬ ಪೂರ್ತಿ ಸ್ವಾತಂತ್ರ್ಯವೂ ಹಾಗೆಯೇ ಕಷ್ಟ. ಓದುವ ಅಭ್ಯಾಸ ಇರುವ ಮಗುವಿಗೆ ಮಾತ್ರ ಅದು ರೆಕ್ಕೆ.

ಇವೆರಡರ ನಡುವೆ ಇರುವ ಕ್ರಮವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ನಮ್ಮ ಕಡೆ ಮಳೆಗಾಲಕ್ಕೆ ಅಡಿಕೆಗೆ ಮದ್ದು ಬಿಡುವುದು ತೋಟ ಇರುವ ಮನೆಯ ಎಲ್ಲ ಮಕ್ಕಳಿಗೂ ಗೊತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಬೇರೆ 50 ಲೀಟರಿನಲ್ಲಿ. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುವುದು. ಮೊದಲು ಇದನ್ನು ಮಕ್ಕಳು ಬಾಯಲ್ಲಿ ಹೇಳಲಿ, ಕನ್ನಡದಲ್ಲೋ ತುಳುವಿನಲ್ಲೋ. ಯಾವುದು ಮೊದಲು, ಯಾವುದು ಆಮೇಲೆ ಅಂತ ಅವರೇ ಜಗಳ ಮಾಡಲಿ. ಕ್ರಮ ಗಟ್ಟಿಯಾದ ಮೇಲೆ ಇಂಗ್ಲಿಷಿಗೆ ಬರುವುದು.

ಆಗ ಮೊದಲು ಬರುವ ವಾಕ್ಯ ಹೀಗಿರುತ್ತದೆ: "ಮೈ ಫಾದರ್ ವಾಟರ್ ಇನ್ ಕಾಪರ್ ಸಲ್ಫೇಟ್ ಮಿಕ್ಸ್." ಶಬ್ದಗಳೆಲ್ಲ ಇವೆ, ಜೋಡಣೆ ಕನ್ನಡದ್ದು. ನಮ್ಮಲ್ಲಿ ಕ್ರಿಯಾಪದ ಕೊನೆಗೆ, ಇಂಗ್ಲಿಷಿನಲ್ಲಿ ಕರ್ತೃ ಆದ ಕೂಡಲೇ. ಇದನ್ನು ನಿಯಮವಾಗಿ ಹೇಳುವುದಕ್ಕಿಂತ ಶಬ್ದಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು, ಕತ್ತರಿಸಿ, ಮೇಜಿನ ಮೇಲೆ ಜೋಡಿಸಲು ಕೊಡಿ. ಮಿಕ್ಸಸ್ ಎಂಬ ಚೀಟಿಯನ್ನು ಮಗು ಕೈಯಾರೆ ಎತ್ತಿ ಫಾದರ್ ಪಕ್ಕ ಇಡಬೇಕು. ಕೈ ಕಲಿತದ್ದು ಬೇಗ ಮರೆಯುವುದಿಲ್ಲ.

ಆಮೇಲೆ ಚೌಕಟ್ಟು: "ಫಸ್ಟ್, ಮೈ ಫಾದರ್ ಡಿಸಾಲ್ವ್ಸ್ ... ಇನ್ ... ನೆಕ್ಸ್ಟ್, ಹಿ ... ದೆನ್ ಹಿ ಪೋರ್ಸ್ ... ಇನ್‌ಟು ..." ಇಡೀ ಕ್ಲಾಸು ಹೇಳುತ್ತದೆ, ಟೀಚರ್ ಬೋರ್ಡಿನಲ್ಲಿ ಬರೆಯುತ್ತಾರೆ. ಮಕ್ಕಳ ಎದುರಲ್ಲೇ ಹೊಡೆದು ಹಾಕಿ ತಿದ್ದುತ್ತಾರೆ. ಬರೆಯುವವರು ಒಂದೇ ಸಲಕ್ಕೆ ಸರಿ ಬರೆಯುವುದಿಲ್ಲ ಅಂತ ಮಕ್ಕಳು ಕಣ್ಣಾರೆ ನೋಡಬೇಕು. ನಂತರ ಬೋರ್ಡು ಒರಸಿ, ಒಬ್ಬೊಬ್ಬರೇ ಬರೆಯಲಿ. ಕೊನೆಯಲ್ಲಿ ಒಂದು ಸಾಲು ಚೌಕಟ್ಟಿನ ಹೊರಗಿನದ್ದು ಇರಲಿ ಅಂತ ಹೇಳಿ. ಮದ್ದು ಸರಿಯಾಯಿತಾ ಅಂತ ನೋಡಲು ಕಬ್ಬಿಣದ ಕತ್ತಿ ಅದ್ದುವುದು ಮಕ್ಕಳಿಗೆ ಗೊತ್ತು. ಕತ್ತಿ ಕೆಂಪಾದರೆ ಸುಣ್ಣ ಸಾಲದು. "ಇಫ್ ದ ನೈಫ್ ಟರ್ನ್ಸ್ ರೆಡ್, ವಿ ಆ್ಯಡ್ ಮೋರ್ ಲೈಮ್." ಇಫ್ ಬರುವ ವಾಕ್ಯವನ್ನು ಇದಕ್ಕಿಂತ ಚೆನ್ನಾಗಿ ಯಾವ ವ್ಯಾಕರಣ ಪುಸ್ತಕ ಕಲಿಸೀತು?

ಚೌಕಟ್ಟಿನ ಅಪಾಯ ಒಂದೇ, ತೆಗೆಯಲು ಮರೆಯುವುದು. ಜೂನಿನಲ್ಲಿ ಕೊಟ್ಟದ್ದನ್ನು ಓಣಂ ರಜೆಯ ಹೊತ್ತಿಗೆ ಅರ್ಧ ಮಾಡಿ, ಕ್ರಿಸ್‌ಮಸ್ ಕಳೆದ ಮೇಲೆ ಕೊಡಲೇಬೇಡಿ.

ಕೇಳಿ ತಿಳಿಯುವುದು, ಬರೆಯುವುದು ಎರಡನ್ನೂ ಒಂದೇ ಪಿರಿಯಡ್‌ನಲ್ಲಿ ಮಾಡಬೇಕು ಅಂತಿದ್ದರೆ ಡಿಕ್ಟೋಗ್ಲಾಸ್ ಇದೆ. ಸಣ್ಣ ಪ್ಯಾರಾವನ್ನು ಮಾಮೂಲು ವೇಗದಲ್ಲಿ ಎರಡು ಸಲ ಓದಿ ಹೇಳುವುದು. ಮಕ್ಕಳು ಸಿಕ್ಕಿದ ಶಬ್ದಗಳನ್ನು ಗುರುತು ಹಾಕಿಕೊಂಡು, ಜೋಡಿಯಲ್ಲಿ ಕೂತು ಅದೇ ಅರ್ಥ ಬರುವ ಹಾಗೆ ಮತ್ತೆ ಬರೆಯುವುದು. ಒಂಬತ್ತು, ಹತ್ತಕ್ಕೆ ಚೆನ್ನಾಗಿದೆ, ಅದಕ್ಕಿಂತ ಕೆಳಗೆ ಬೇಡ.

ಕೆಂಪು ಶಾಯಿ ಎಷ್ಟು?

ಎಲ್ಲ ತಪ್ಪಿಗೂ ಗೆರೆ ಹಾಕುವುದಾ, ಕೆಲವಕ್ಕೆ ಮಾತ್ರವಾ? 1996ರಲ್ಲಿ ಜಾನ್ ಟ್ರಸ್ಕಾಟ್ ಎಂಬ ಸಂಶೋಧಕರು, ಬರಹದಲ್ಲಿ ವ್ಯಾಕರಣ ತಿದ್ದುವುದರಿಂದ ಉಪಯೋಗವೇ ಇಲ್ಲ ಅಂದರು. 1999ರಲ್ಲಿ ಡೇನಾ ಫೆರಿಸ್ ಅದಕ್ಕೆ ಉತ್ತರವಾಗಿ, ಆರಿಸಿ ಸ್ಪಷ್ಟವಾಗಿ ತಿದ್ದಿದರೆ ಉಪಯೋಗ ಇದೆ ಅಂದರು. ನಾನು ಫೆರಿಸ್ ಅವರ ಪಕ್ಷ. ಒಂದು ಸಲಕ್ಕೆ ಒಂದು ಬಗೆಯ ತಪ್ಪು ಮಾತ್ರ ತಿದ್ದಿ, ಯಾವುದು ಅಂತ ಮೊದಲೇ ಹೇಳಿ. ವಾಕ್ಯದ ಜೋಡಣೆ ಮೊದಲು, ಕಾಲ ಆಮೇಲೆ. ಎ, ಆ್ಯನ್, ದ ಕೊನೆಗೆ. ಕನ್ನಡದಲ್ಲಿ ಅಂಥದ್ದೇ ಇಲ್ಲದ ಕಾರಣ ಅವು ಗಟ್ಟಿಯಾಗಲು ವರ್ಷಗಳು ಬೇಕು. ಮತ್ತೆ ಪುಸ್ತಕದ ಕೊನೆಯಲ್ಲಿ ಒಂದು ಸಾಲು ಮಗು ಹೇಳಿದ ವಿಷಯದ ಬಗ್ಗೆ ಬರೆಯಿರಿ. "ಕತ್ತಿಯ ಸಂಗತಿ ನನಗೆ ಗೊತ್ತಿರಲಿಲ್ಲ" ಅಂತ ಟೀಚರ್ ಬರೆದರೆ ಮುಂದಿನ ಸಲ ಆ ಮಗು ಇನ್ನೂ ನಾಲ್ಕು ಸಾಲು ಹೆಚ್ಚು ಬರೆಯುತ್ತದೆ.

ಪರೀಕ್ಷೆ ಹತ್ತಿರ ಇದ್ದರೆ

ಎಸ್‌ಎಸ್‌ಎಲ್‌ಸಿ ಇಂಗ್ಲಿಷ್ ಲಿಖಿತ ಪರೀಕ್ಷೆ 80 ಅಂಕದ್ದು, ಎರಡೂವರೆ ಗಂಟೆ. ಅದಕ್ಕೆ ಮೊದಲು 15 ನಿಮಿಷ ಕೂಲ್ ಆಫ್ ಸಮಯ, ಪ್ರಶ್ನೆಪತ್ರಿಕೆ ಓದುವುದಕ್ಕೆ. ಆಗ ಪ್ರಶ್ನೆ ಮೊದಲು ಓದಬೇಕಾ, ಪ್ಯಾರಾ ಮೊದಲಾ? ಕಲಿಯುವ ದಿನಗಳಲ್ಲಿ ಪ್ಯಾರಾ ಮೊದಲು ಓದಬೇಕು, ಇಲ್ಲವಾದರೆ ಉತ್ತರ ಹುಡುಕುವ ಚಟ ಹತ್ತುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನೆ ಮೊದಲು. ಏನು ಹುಡುಕಬೇಕು ಅಂತ ಗೊತ್ತಿದ್ದರೆ ಗೊತ್ತಿಲ್ಲದ ಶಬ್ದಕ್ಕೆ ಹೆದರುವುದು ಕಡಿಮೆಯಾಗುತ್ತದೆ.

ಆ 15 ನಿಮಿಷದ ಕೊನೆಯ ಭಾಗವನ್ನು ದೊಡ್ಡ ಬರವಣಿಗೆಯ ಪ್ರಶ್ನೆಗೆ ಇಡಲು ಹೇಳಿ. ಯಾವ ಡೈರಿ, ಯಾರ ಪತ್ರ ಅಂತ ಆರಿಸಿ, ಹೇಳಬೇಕಾದ ಮೂರು ಸಂಗತಿಗಳನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಸಾಲಾಗಿ ಇಟ್ಟುಕೊಳ್ಳಲಿ. ಬೆಲ್ ಹೊಡೆದ ಮೇಲೆ ಪೆನ್ನು ಇಂಗ್ಲಿಷಿನಲ್ಲಿ ಹೋಗಲಿ. ಇದನ್ನು ಮಾರ್ಚಿನಲ್ಲಿ ಹೇಳಿಕೊಟ್ಟರೆ ಆಗುವುದಿಲ್ಲ. ಕ್ರಿಸ್‌ಮಸ್ ಪರೀಕ್ಷೆಗೆ ಮೊದಲೇ ಕ್ಲಾಸಿನಲ್ಲಿ ಗಡಿಯಾರ ಇಟ್ಟು ಅಭ್ಯಾಸ ಮಾಡಿಸಿ.